ತಳಿಯ ಮೇಲಣ ಅಪವಾದ

ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯವರು 2024ನೆಯ ಇಸವಿ ಮಾರ್ಚಿ ತಿಂಗಳ 12ನೆಯ ತಾರೀಖಿನಲ್ಲಿ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಬರೆದ ಸುತ್ತೋಲೆಯ ಸಂಗತಿಯು ನಮ್ಮ ವಾಚಕರಿಗೆ ನೆನಪಿರಬಹುದು. 23 ತಳಿಗಳ ನಾಯಿಗಳು ಕ್ರೂರಸ್ವಭಾವದವೆಂದೂ ಮನುಷ್ಯರ ಪ್ರಾಣಕ್ಕೆ ಅಪಾಯಕರವೆಂದೂ ಹೇಳಿ, ಅವುಗಳ ಮಾರಾಟಕ್ಕಾಗಲಿ ಸಂತಾನವೃದ್ಧಿಗಾಗಲಿ ಪರವಾನಗಿ ಕೊಡಕೂಡದೆಂದೂ, ಈಗಾಗಲೇ ಮನೆಗಳಲ್ಲಿ ಸಾಕಿರುವವುಗಳಿಗೆ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸತಕ್ಕದ್ದೆಂದೂ ಅದರಲ್ಲಿ ಸೂಚಿಸಲ್ಪಟ್ಟಿತ್ತು. ಒಂದು ತಿಂಗಳು ತುಂಬುವುದರೊಳಗಾಗಿ, ಏಪ್ರಿಲ್ 10ರಂದು, ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರನ್ನು ವಿಚಾರಿಸದೆ, ನಿಯಮಗಳು ಹೇಳುವ ಕ್ರಮವನ್ನು ಅನುಸರಿಸದೆ ಇಂತಹ ನಿಷೇಧವನ್ನು ಹೇರಲಾಗದೆಂಬುದೂ, ಕ್ರಮವರಿತು ಹೊಸದಾಗಿ ವಿಚಾರಮಾಡಲು ಸರ್ಕಾರಕ್ಕೆ ಅಡ್ಡಿಯಿಲ್ಲವೆಂಬುದೂ ತೀರ್ಪಿನ ತಾತ್ಪರ್ಯ. ನ್ಯಾಯಾಲಯವು ಸುತ್ತೋಲೆಯನ್ನು ರದ್ದುಮಾಡಿತು. ಅದು ಹುಟ್ಟಿಸಿದ ಭಯವನ್ನು ರದ್ದುಮಾಡುವ ಅಧಿಕಾರವು ಯಾವ ನ್ಯಾಯಾಲಯಕ್ಕೂ ಇಲ್ಲ.

ಆ ವರ್ಷದ ಬೇಸಗೆಯಲ್ಲಿ ಗೃಹಸ್ಥರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದು ಒಂದು ಜಾಹೀರಾತನ್ನು ಕೊಟ್ಟರು. ಮೂರು ವರ್ಷದ ರಾಟ್‌ವೀಲರ್ ಹೆಣ್ಣುನಾಯಿ. ಬೇಕಾದವರು ಬಂದು ಹಣವಿಲ್ಲದೆ ಒಯ್ಯಬಹುದು. ಅದು ಯಾರನ್ನಾದರೂ ಕಚ್ಚಿದೆಯೆ ಎಂದು ಕೇಳಿದೆವು. ಇದುವರೆಗೆ ಯಾರನ್ನೂ ಕಚ್ಚಿಲ್ಲ, ಮನೆಯ ಮಗುವು ಅದಕ್ಕೆ ಒರಗಿಕೊಂಡೇ ನಿದ್ದೆಹೋಗುತ್ತದೆ ಎಂದರು. ಹಾಗಿದ್ದರೆ ಕೊಡುವುದೇಕೆ ಎಂದುದಕ್ಕೆ, ಮನೆಯ ಮಾಲಿಕರು ಪತ್ರಿಕೆಯಲ್ಲಿ ಬಂದ ಪಟ್ಟಿಯನ್ನು ನೋಡಿದ್ದಾರೆ, ನಾಯಿಯಾದರೂ ಹೋಗಬೇಕು ನೀವಾದರೂ ಹೋಗಬೇಕು ಎಂದು ಗಡುವು ಕೊಟ್ಟಿದ್ದಾರೆ ಎಂಬ ಉತ್ತರ ಬಂದಿತು. ಆ ಪಟ್ಟಿಯನ್ನು ನಾವೂ ಅಚ್ಚುಮಾಡಿದ್ದೆವು. ಜಾಹೀರಾತು ಮೂರು ದಿವಸ ಪ್ರಕಟವಾಯಿತು. ವಿಚಾರಿಸಿಕೊಂಡು ಬಂದವರು ಇಬ್ಬರೇ. ಒಬ್ಬರಿಗೆ ತೋಟದ ಕಾವಲಿಗಾಗಿ ಹಗಲಿರುಳೂ ಸರಪಣಿಯಲ್ಲಿರುವ ನಾಯಿ ಬೇಕಾಗಿತ್ತು. ಇನ್ನೊಬ್ಬರಿಗೆ ಮರಿಹಾಕಿಸಿ ಮಾರುವುದಕ್ಕೆ ಹೆಣ್ಣುನಾಯಿ ಬೇಕಾಗಿತ್ತು. ಆ ಗೃಹಸ್ಥರಿಗೆ ಇಬ್ಬರಿಗೂ ಕೊಡಲು ಮನಸ್ಸು ಬರಲಿಲ್ಲ.

ಭಯಕ್ಕೆ ಕಾರಣವೇ ಇಲ್ಲವೆಂದು ನಾವು ಹೇಳತಕ್ಕವರಲ್ಲ. 2022ನೆಯ ಜುಲೈ ತಿಂಗಳಲ್ಲಿ ಲಕ್ನೋ ನಗರದಲ್ಲಿ ಎಂಬತ್ತು ದಾಟಿದ ವೃದ್ಧೆಯೊಬ್ಬರು ತಮ್ಮ ಮನೆಯಲ್ಲಿಯೇ, ಮಗನು ಸಾಕಿದ್ದ ಪಿಟ್‌ಬುಲ್ ನಾಯಿಯಿಂದ ಹತರಾದರು. 2024ನೆಯ ಮೇ ತಿಂಗಳಲ್ಲಿ ಚೆನ್ನೈ ನಗರದ ಸಾರ್ವಜನಿಕ ಉದ್ಯಾನವೊಂದರಲ್ಲಿ ಐದು ವರ್ಷದ ಹೆಣ್ಣುಮಗುವಿನ ಮೇಲೆ ಎರಡು ರಾಟ್‌ವೀಲರ್ ನಾಯಿಗಳು ಬಿದ್ದು ಘೋರವಾಗಿ ಗಾಯಗೊಳಿಸಿದುವು. ಇಂತಹ ಸುದ್ದಿಯನ್ನು ಓದಿದ ತಾಯಿಯು ಪಕ್ಕದ ಮನೆಯ ಅಂಗಳದಲ್ಲಿರುವ ದಪ್ಪ ತಲೆಯ ನಾಯಿಯನ್ನು ಕಂಡು ಬೆದರಿದರೆ, ಆಕೆಗೆ ಪ್ರಾಣಿದಯೆಯ ವಿಷಯವಾಗಿ ಉಪನ್ಯಾಸ ಮಾಡುವುದು ಅವಿವೇಕ. ನಲವತ್ತು ಐವತ್ತು ಸೇರು ತೂಗುವ ನಾಯಿಯೊಂದು ಕಚ್ಚಿದರೆ ಆಗುವ ಗಾಯವು ಮಡಿಲಿನಲ್ಲಿ ಕುಳಿತುಕೊಳ್ಳುವ ನಾಯಿಯ ಕಚ್ಚಿನಂತಲ್ಲ. ಇದನ್ನು ಒಪ್ಪದ ಪ್ರಾಣಿಪ್ರಿಯರು ತಮ್ಮ ಪಕ್ಷವನ್ನು ತಾವೇ ಕೆಡಿಸಿಕೊಳ್ಳುತ್ತಿದ್ದಾರೆ.

ಆದರೆ ಭಯವು ನಿಜವಾದ ಮಾತ್ರಕ್ಕೆ ಅದಕ್ಕೆ ಮಾಡಿದ ಮದ್ದೂ ಸರಿಯೆಂದಾಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯು ಈ ಪಟ್ಟಿಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪದು. ಪಟ್ಟಿಯನ್ನು ಸಾವಧಾನವಾಗಿ ಓದಿದವರಿಗೆ ಅದರ ರಚನೆಯೇ ಸೋಜಿಗವನ್ನುಂಟುಮಾಡುತ್ತದೆ. ಟೋಸಾ ಎಂಬ ಜಪಾನಿನ ನಾಯಿಯು ಅದರಲ್ಲಿ ಎರಡು ಸಲ ಬಂದಿದೆ. ದಕ್ಷಿಣ ಆಫ್ರಿಕಾದ ಬೋರ್‌ಬೋಲ್ ಒಮ್ಮೆ ಸ್ವಂತ ಹೆಸರಿನಲ್ಲಿಯೂ ಇನ್ನೊಮ್ಮೆ ಮ್ಯಾಸ್ಟಿಫ್‌ಗಳ ಜೊತೆಯಲ್ಲಿಯೂ ಕಾಣಿಸಿಕೊಂಡಿದೆ. ಇನ್ನೊಂದು ಕಡೆ ‘ಟೆರಿಯರ್‌ಗಳು’ ಎಂದು ಒಂದೇ ಮಾತಿನಲ್ಲಿ ಬರೆದುಬಿಟ್ಟಿದ್ದಾರೆ. ಟೆರಿಯರ್ ಎಂಬುದು ಒಂದು ತಳಿಯಲ್ಲ, ಹತ್ತಾರು ತಳಿಗಳ ಒಂದು ವರ್ಗ. ಹೆಂಗಸರ ಕೈಚೀಲದಲ್ಲಿ ಹಿಡಿಸುವ ಯಾರ್ಕ್‌ಷೈರ್ ಟೆರಿಯರೂ ಅದಕ್ಕೆ ಸೇರಿದ್ದೇ. ತುರ್ಕಿಯ ಕುರಿಮಂದೆಗಳನ್ನು ತೋಳಗಳಿಂದ ಕಾಯುವ ಕಾಂಗಾಲ್ ಮತ್ತು ಅಕ್‌ಬಾಷ್ ನಾಯಿಗಳನ್ನು ನಮ್ಮ ರಾಜಧಾನಿಯ ಅಧಿಕಾರಿಗಳು ಯಾವ ಬೀದಿಯಲ್ಲಿ ಕಂಡು ಬೆದರಿದರೋ ನಮಗೆ ತಿಳಿಯದು. ಪರದೇಶಗಳ ಹಳೆಯ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ನಕಲುಮಾಡಿದರೆ ಹೀಗಾಗುವುದು ಸಹಜ.

ಈ ತಳಿಗಳ ಚರಿತ್ರೆಯನ್ನು ನೋಡಿದರೆ ಅವುಗಳ ಅಪಕೀರ್ತಿಯ ಮೂಲವು ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿಗಳನ್ನು ಛೂಬಿಟ್ಟು ನೋಡುವ ವಿನೋದವೊಂದಿದ್ದಿತು. 1835ರಲ್ಲಿ ಪಾರ್ಲಿಮೆಂಟು ಅದನ್ನು ನಿಷೇಧಿಸಿತು. ಆಗ ಪಂದ್ಯದ ರುಚಿಹತ್ತಿದವರು ಗೂಳಿಯನ್ನು ಬಿಟ್ಟು, ಬುಲ್‌ಡಾಗಿಗೂ ಟೆರಿಯರಿಗೂ ಮರಿಮಾಡಿಸಿ, ನಾಯಿಗೆ ನಾಯಿಯನ್ನು ಕಾದಾಡಿಸತೊಡಗಿದರು. ಪಿಟ್‌ಬುಲ್ಲಿನ ವಂಶವು ಅಲ್ಲಿಂದ ಬಂದದ್ದು. ರಾಟ್‌ವೀಲರ್ ಆದರೋ ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತ, ಅವರ ಮಾಂಸದ ಗಾಡಿಗಳನ್ನು ಎಳೆಯುತ್ತ ಬಾಳಿದ ದುಡಿಮೆಯ ಪ್ರಾಣಿ. ಒಂದು ಕಾಲದಲ್ಲಿ ಬೇರೊಂದು ತಳಿಯೂ ಇದೇ ಅಪವಾದವನ್ನು ಹೊತ್ತಿತ್ತೆಂಬುದನ್ನು ಇಂದು ಬಲ್ಲವರು ಕಡಮೆ. ನಾವು ಬಾಲ್ಯದಿಂದ ಆಲ್ಸೇಷಿಯನ್ ಎಂದು ಕರೆಯುತ್ತ ಬಂದ ನಾಯಿಯು ವಾಸ್ತವವಾಗಿ ಜರ್ಮನ್ ಷೆಪರ್ಡ್. ಮೊದಲನೆಯ ಮಹಾಯುದ್ಧದ ದ್ವೇಷದಲ್ಲಿ ಜರ್ಮನ್ ಎಂಬ ಮಾತನ್ನು ನಾಲಗೆಯ ಮೇಲೆ ತರಲು ಒಲ್ಲದ ಆಂಗ್ಲೇಯರು ಅದರ ಹೆಸರನ್ನೇ ಬದಲಾಯಿಸಿದರು. ಹಳೆಯ ಹೆಸರು ಅಧಿಕೃತವಾಗಿ ಮರಳಿದ್ದು 1977ರಲ್ಲಿ. ಆ ನಾಯಿಯಲ್ಲಿ ತೋಳದ ರಕ್ತವಿದೆ, ಅದು ಕಾಡುನಾಯಿಗಳೊಡನೆ ಬೆರೆತು ಕುರಿಗಳನ್ನೆಲ್ಲ ಹಾಳುಮಾಡುತ್ತದೆ ಎಂದು ಹೆದರಿ ಆಸ್ಟ್ರೇಲಿಯಾದ ಸರ್ಕಾರವು 1929ರಲ್ಲಿ ಅದರ ಆಮದನ್ನೇ ನಿಲ್ಲಿಸಿತು. ಅದೇ ನಾಯಿಯು ಇಂದು ಲೋಕದ ಪೋಲೀಸಿನವರೆಲ್ಲರ ನೆಚ್ಚಿನ ಸಂಗಾತಿ.

ನಮ್ಮ ನಾಡಿನ ಮಾತನ್ನು ತೆಗೆದುಕೊಂಡರೂ ಅಷ್ಟೆ. ಮಂಡ್ಯದ ಸೀಮೆಯ ಆತಕೂರಿನ ಶಾಸನವನ್ನು ಚರಿತ್ರೆಯನ್ನೋದಿದವರು ಬಲ್ಲರು. ಸುಮಾರು 950ನೆಯ ಇಸವಿಯಲ್ಲಿ, ಗಂಗರ ಬೂತುಗನ ವೀರನಾದ ಮಣಲೇರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿಕೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತಾಗ, ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಟು ಮಾಡಿದರು. ಹಂದಿಯನ್ನು ಕೊಲ್ಲಬಲ್ಲ ನಾಯಿಯು ಮಗುವನ್ನೂ ಕೊಲ್ಲಬಲ್ಲದು. ಅದನ್ನು ಆ ಕಾಲದವರು ಅರಿಯದವರಲ್ಲ. ಅದನ್ನು ಹಿಡಿದಿರುವ ಕೈ ಯಾವುದೆಂದು ಅವರು ನೋಡುತ್ತಿದ್ದರು.

ಈಗಿನ ಶಾಸ್ತ್ರಜ್ಞರೂ ಇದೇ ಕಡೆಗೆ ಬರುತ್ತಿದ್ದಾರೆ. 2022ರಲ್ಲಿ ಅಮೆರಿಕಾದ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ 18,000ಕ್ಕೆ ಮೇಲ್ಪಟ್ಟ ನಾಯಿಗಳ ಯಜಮಾನರಿಂದ ಅವುಗಳ ನಡವಳಿಕೆಯನ್ನು ವಿಚಾರಿಸಿ, 2,000ಕ್ಕೆ ಮೇಲ್ಪಟ್ಟ ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿ ತಾಳೆನೋಡಿದರು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಭಾಗವು ನೂರಕ್ಕೆ ಸುಮಾರು 9 ಮಾತ್ರವೆಂದು ಕಂಡುಬಂದಿತು. ಗುಣವು ತಾಯಿತಂದೆಗಳಿಂದ ಬರುವುದೇ ಇಲ್ಲವೆಂದು ಇದರ ಅರ್ಥವಲ್ಲ. ತಳಿಯ ಹೆಸರೊಂದನ್ನೇ ಕೇಳಿ ಎದುರಿಗೆ ನಿಂತ ನಾಯಿಯ ಗುಣವನ್ನು ನಿಶ್ಚಯಿಸಲಾಗದೆಂದು ಅರ್ಥ. ಆ ಹೆಸರಾದರೂ ಸರಿಯಾಗಿ ಗೊತ್ತಾಗುವುದೆ? ಫ್ಲಾರಿಡಾ ಪ್ರಾಂತದ ಪ್ರಾಣಿ ಆಶ್ರಯಗಳಲ್ಲಿ 120 ನಾಯಿಗಳನ್ನು ಅಲ್ಲಿಯ ಸಿಬ್ಬಂದಿಗೇ ತೋರಿಸಿದಾಗ, 62 ನಾಯಿಗಳನ್ನು ಪಿಟ್‌ಬುಲ್ ಜಾತಿಯವೆಂದು ಒಬ್ಬರಲ್ಲ ಒಬ್ಬರು ಹೇಳಿದರು; ರಕ್ತವನ್ನು ಪರೀಕ್ಷಿಸಿದಾಗ ಅಂತಹ ವಂಶದ ಗುರುತು ಸಿಕ್ಕಿದ್ದು 25ರಲ್ಲಿ ಮಾತ್ರ. ನಿತ್ಯವೂ ನಾಯಿಗಳ ನಡುವೆ ಇರುವವರ ಕಣ್ಣೇ ಹೀಗೆ ತಪ್ಪುವಾಗ ಮುನಿಸಿಪಾಲಿಟಿಯ ಜವಾನನು ಮುಖ ನೋಡಿ ತಳಿಯನ್ನು ಹೇಳುವುದೆಂತು?

ಅಪವಾದ ಹೊತ್ತ ನಾಯಿಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದರೆ ಏನಾಗುವುದೆಂಬುದಕ್ಕೆ ಒಂದು ದೊಡ್ಡ ನಿದರ್ಶನವು ದೊರೆತಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. 2007ನೆಯ ಏಪ್ರಿಲ್ ತಿಂಗಳಲ್ಲಿ ಅಮೆರಿಕಾದ ವರ್ಜೀನಿಯಾ ಪ್ರಾಂತದಲ್ಲಿ, ಮೈಕೆಲ್ ವಿಕ್ ಎಂಬ ಬಹು ಪ್ರಖ್ಯಾತನಾದ ಫುಟ್‌ಬಾಲ್ ಆಟಗಾರನ ಜಮೀನನ್ನು ಅಧಿಕಾರಿಗಳು ಶೋಧಿಸಿದಾಗ, ಅಲ್ಲಿ ನಾಯಿಗಳ ಕಾದಾಟವನ್ನು ನಡೆಸುವ ಏರ್ಪಾಟುಗಳೂ, ಮರಗಳ ನಡುವೆ ನೆಲದಲ್ಲಿ ಹೂತ ಗಾಡಿಯ ಅಚ್ಚುಗಳಿಗೆ ಸರಪಣಿಯಿಂದ ಬಿಗಿದ ಐವತ್ತಕ್ಕೂ ಹೆಚ್ಚು ಪಿಟ್‌ಬುಲ್‌ಗಳೂ ಸಿಕ್ಕಿದುವು. ಕಾದಾಟದಲ್ಲಿ ಚೆನ್ನಾಗಿ ಹೋರಾಡದ ನಾಯಿಗಳನ್ನು ನೇಣುಹಾಕಿಯೂ ನೀರಿನಲ್ಲಿ ಮುಳುಗಿಸಿಯೂ ಕೊಂದಿದ್ದರೆಂಬುದು ನ್ಯಾಯಾಲಯದಲ್ಲಿ ಹೊರಬಿದ್ದಿತು. ವಿಕ್‌ನಿಗೆ 23 ತಿಂಗಳ ಸೆರೆವಾಸವಾಯಿತು.

ಉಳಿದದ್ದು ನಾಯಿಗಳ ಪ್ರಶ್ನೆ. ಅದುವರೆಗಿನ ವಾಡಿಕೆಯೆಂದರೆ ಅವೆಲ್ಲವನ್ನೂ ಕೊಂದುಬಿಡುವುದು. ಆ ದೇಶದ ಪ್ರಾಣಿದಯಾ ಸಂಸ್ಥೆಗಳಲ್ಲಿ ಅತ್ಯಂತ ದೊಡ್ಡವೆನಿಸಿದ ಎರಡು ಸಂಸ್ಥೆಗಳೇ ಹಾಗೆ ಮಾಡುವುದು ಉತ್ತಮವೆಂದು ಅಭಿಪ್ರಾಯಪಟ್ಟುವು. ಆದರೆ ನ್ಯಾಯಾಲಯದವರು ಬೇರೊಂದು ದಾರಿಯನ್ನು ಹಿಡಿದರು. ಪಶುಗಳ ಸ್ವಭಾವವನ್ನು ಬಲ್ಲ ಪಂಡಿತರ ಮಂಡಲಿಯೊಂದನ್ನು ಕರೆಯಿಸಿ 49 ನಾಯಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರು: ಉಣ್ಣುವಾಗ ತಟ್ಟೆಗೆ ಕೃತಕವಾದ ಕೈಯನ್ನು ಚಾಚಿದರೆ ಏನು ಮಾಡುತ್ತದೆ, ಮಗುವಿನ ಗಾತ್ರದ ಬೊಂಬೆಯನ್ನು ಕಂಡರೆ ಏನು ಮಾಡುತ್ತದೆ, ಬೇರೆ ನಾಯಿಯು ಎದುರಾದರೆ ಏನು ಮಾಡುತ್ತದೆ. ಕ್ರೂರತೆಯ ಕಾರಣದಿಂದ ಕೊಲ್ಲಬೇಕಾಗಿ ಬಂದದ್ದು ಒಂದೇ ಒಂದು. ಇನ್ನೊಂದು ರೋಗದಿಂದ ಹೋಯಿತು. ಉಳಿದ 47 ನಾಯಿಗಳ ಮೇಲ್ವಿಚಾರಣೆಗೆ ಕಾನೂನು ಅಧ್ಯಾಪಕಿಯೊಬ್ಬರನ್ನು ಪೋಷಕಳಂತೆ ನೇಮಿಸಿ, ಬೇರೆಬೇರೆ ರಕ್ಷಣಾಸಂಸ್ಥೆಗಳಿಗೆ ಹಂಚಿದರು. ಬಹು ಕಷ್ಟದವೆನಿಸಿದ 22 ನಾಯಿಗಳು ಯೂಟಾ ಪ್ರಾಂತದ ಕನಾಬ್ ಎಂಬಲ್ಲಿರುವ ಆಶ್ರಯಕ್ಕೆ ಹೋದುವು. ನಾಯಿಗಳ ಪೋಷಣೆಗಾಗಿ ಸುಮಾರು 9,28,000 ಡಾಲರುಗಳನ್ನು ವಿಕ್‌ನೇ ಕೊಡಬೇಕೆಂದು ಆಜ್ಞೆಯಾಯಿತು. ನಮಗೆ ಬಹಳವಾಗಿ ಹಿಡಿಸಿದ ಅಂಶವಿದು: ಕೆಡಿಸಿದವನೇ ರಿಪೇರಿಯ ಖರ್ಚನ್ನು ಹೊರತಕ್ಕದ್ದು.

ಆ ನಾಯಿಗಳು ಏನಾದುವು? ಕೆಲವು ಸಾಯುವವರೆಗೂ ಮನುಷ್ಯರನ್ನು ಕಂಡರೆ ನೆಲಕ್ಕೆ ಅಂಟಿಕೊಂಡು ನಡುಗುತ್ತಿದ್ದುವು. ಅವುಗಳ ರೋಗವು ಕ್ರೌರ್ಯವಲ್ಲ, ಭಯ. ಎರಡು ನಾಯಿಗಳನ್ನು ಆಶ್ರಯದಿಂದ ಎಂದಿಗೂ ಹೊರಗೆ ಕಳುಹಿಸಕೂಡದೆಂದು ನ್ಯಾಯಾಲಯವೇ ವಿಧಿಸಿತ್ತು. ಆದರೆ ಅನೇಕ ನಾಯಿಗಳು ಸಾಮಾನ್ಯ ಸಂಸಾರಗಳಲ್ಲಿ ಬಾಳಿದುವು. ಲಿಯೋ ಎಂಬುದು ಕ್ಯಾಲಿಫೋರ್ನಿಯಾದಲ್ಲಿ ಕ್ಯಾನ್ಸರ್ ರೋಗಿಗಳ ಬಳಿಗೆ ಹೋಗಿ ಅವರನ್ನು ಸಂತೈಸುವ ಕೆಲಸಕ್ಕೆ ತರಬೇತಾಯಿತು. ಜಾನಿ ಎಂಬುದರ ಮುಂದೆ, ಓದಲು ಅಂಜುವ ಶಾಲೆಯ ಮಕ್ಕಳು ಕುಳಿತು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ತಪ್ಪು ಓದಿದರೆ ನಾಯಿಯು ನಗುವುದಿಲ್ಲವಷ್ಟೆ! ಇದಾದ ಮೇಲೆಯೂ 2009ರಲ್ಲಿ ಉತ್ತರ ಕ್ಯಾರೊಲಿನಾದ ವಿಲ್ಕ್ಸ್ ಕೌಂಟಿಯಲ್ಲಿ ಹೀಗೆಯೇ ಹಿಡಿದ 127 ನಾಯಿಗಳನ್ನು, ಮರಿಗಳನ್ನೂ ಬಿಡದೆ, ಕೊಂದರು. ಅದರಿಂದೆದ್ದ ಜನಾಕ್ರೋಶಕ್ಕೆ ಮಣಿದು, ಹಿಂದೆ ಕೊಲ್ಲಿರೆಂದಿದ್ದ ಸಂಸ್ಥೆಗಳಲ್ಲೊಂದು ಇನ್ನು ಮುಂದೆ ಒಂದೊಂದು ನಾಯಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದೆಂದು ತನ್ನ ಧೋರಣೆಯನ್ನು ಬದಲಾಯಿಸಿತು.

ಬ್ರಿಟನ್ನಿನವರು ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದಿದ್ದಾರೆ. 1991ರ ಅವರ ಕಾಯಿದೆಯಲ್ಲಿ ಪಿಟ್‌ಬುಲ್ ಮೊದಲಾದ ನಾಲ್ಕು ಬಗೆಯ ನಾಯಿಗಳು ನಿಷಿದ್ಧವಾಗಿದ್ದುವು. ಎಕ್ಸ್‌ಎಲ್ ಬುಲ್ಲಿ ಎಂಬ ದೊಡ್ಡ ನಾಯಿಯು ಹಲವರ ಸಾವಿಗೆ ಕಾರಣವಾದುದರಿಂದ 2023ರ ಕೊನೆಯಲ್ಲಿ ಅದನ್ನೂ ಸೇರಿಸಿದರು. ಇಲ್ಲಿ ಗಮನಿಸಬೇಕಾದದ್ದು ಕಾಯಿದೆಯ ಒಂದು ಮೂಲೆ. ಅಂತಹ ನಾಯಿಯನ್ನು ಮಾರುವುದು ಮಾತ್ರವಲ್ಲ, ದಾನವಾಗಿ ಕೊಡುವುದೂ, ಆಶ್ರಯದಲ್ಲಿದ್ದುದಕ್ಕೆ ಹೊಸ ಮನೆಯನ್ನು ಹುಡುಕಿಕೊಡುವುದೂ ಅಪರಾಧ. ಯಜಮಾನನಿರುವ ನಾಯಿಯು ಬಾಯಿಗೆ ಕುಕ್ಕೆ ಕಟ್ಟಿಕೊಂಡು, ವಿನಾಯಿತಿಯ ಪತ್ರವನ್ನು ಪಡೆದು ಬದುಕಬಹುದು. ಯಜಮಾನನು ಕೈಬಿಟ್ಟ ನಾಯಿಯು, ಎಷ್ಟೇ ಸಾಧುವಾಗಿದ್ದರೂ, ಆಶ್ರಯದ ವೈದ್ಯರ ಸೂಜಿಯಿಂದ ಸಾಯಬೇಕು. ತಾನಾಗಿ ತಂದು ಕೊಲ್ಲಿಸಿದ ಯಜಮಾನನಿಗೆ 200 ಪೌಂಡು ಪರಿಹಾರವನ್ನೂ ಗೊತ್ತುಮಾಡಿದರು. ಮೂವತ್ತು ವರ್ಷಗಳ ನಿಷೇಧದ ನಂತರವೂ ಹೊಸದೊಂದು ತಳಿಯನ್ನು ಪಟ್ಟಿಗೆ ಸೇರಿಸಬೇಕಾಗಿ ಬಂದುದೇ ಆ ನಿಷೇಧದ ಫಲವೆಷ್ಟೆಂಬುದನ್ನು ಹೇಳುತ್ತದೆ. ಒಂದು ತಳಿಯನ್ನು ನಿಷೇಧಿಸಿದರೆ, ಭಯಂಕರವಾದ ನಾಯಿಯನ್ನು ಹಿಡಿದುಕೊಂಡು ಬೀದಿಯಲ್ಲಿ ಮೆರೆಯಬೇಕೆನ್ನುವ ಮನುಷ್ಯನು ಇನ್ನೊಂದು ತಳಿಯನ್ನು ಹುಡುಕಿಕೊಳ್ಳುತ್ತಾನೆ. ಹಾಲೆಂಡಿನವರು 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು 2008ರಲ್ಲಿ ಕೈಬಿಡಲು ನಿಶ್ಚಯಿಸಿದರು. ಅಮೆರಿಕಾದ ಡೆನ್ವರ್ ನಗರದವರು 1989ರ ನಿಷೇಧವನ್ನು 2020ರಲ್ಲಿ ಮತಹಾಕಿ ತೆಗೆದು, ಅದರ ಸ್ಥಾನದಲ್ಲಿ ಪರವಾನಗಿಯ ಕ್ರಮವನ್ನು ಇಟ್ಟುಕೊಂಡರು.

ನಮ್ಮಲ್ಲಿ ಕಾಯಿದೆಗಳಿಗೇನೂ ಕೊರತೆಯಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಮಾಡಿ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧ. ಮೊದಲನೆಯ ತಪ್ಪಿಗೆ ಆ ಕಾಯಿದೆಯು ಗೊತ್ತುಮಾಡಿದ ದಂಡವೆಷ್ಟೆಂದರೆ 10 ರೂಪಾಯಿಗಳಿಂದ 50 ರೂಪಾಯಿಗಳವರೆಗೆ! ಹತ್ತಾರು ಸಾವಿರ ರೂಪಾಯಿಗಳನ್ನು ಕೊಟ್ಟು ಮರಿಯನ್ನು ಕೊಂಡವನು, ಅದು ಬೆಳೆದು ಬೇಡವಾದಾಗ ಹೆದ್ದಾರಿಯ ಬದಿಯಲ್ಲಿ ಇಳಿಸಿಹೋದರೆ, ಒಂದು ಊಟದ ಬೆಲೆಯನ್ನೂ ತೆರಬೇಕಾಗಿಲ್ಲ. 2017ರ ನಿಯಮಗಳ ಪ್ರಕಾರ ಮರಿಗಳನ್ನು ಬೆಳೆಸಿ ಮಾರುವವರೆಲ್ಲರೂ ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ಹೆಸರನ್ನು ದಾಖಲುಮಾಡಿಸಿಕೊಳ್ಳಬೇಕು. ನಾಯಿಗೆ ಗುರುತಿನ ಚಿಪ್ಪನ್ನು ಹಾಕಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಈ ಚಿಪ್ಪಿನ ನಿಯಮವೊಂದನ್ನು ನೆಟ್ಟಗೆ ನಡೆಯಿಸಿದರೂ ಸಾಕು, ಬೀದಿಗೆ ಬಿದ್ದ ನಾಯಿಯು ಯಾರದು, ಯಾರಿಂದ ಕೊಂಡದ್ದು ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಇಷ್ಟೆಲ್ಲ ಆಯುಧಗಳನ್ನು ಬತ್ತಳಿಕೆಯಲ್ಲಿಯೇ ಬಿಟ್ಟು, 23 ಹೆಸರುಗಳ ಪಟ್ಟಿಯೊಂದನ್ನು ಬರೆದರೆ ಕೆಲಸವಾಯಿತೆಂದು ಇಲಾಖೆಯವರು ಭಾವಿಸಿದರು. ಪಟ್ಟಿಯು ನಾಯಿಯನ್ನು ಹೆಸರಿಸುತ್ತದೆ. ಮಾರಿದವನನ್ನೂ ಕೆಡಿಸಿದವನನ್ನೂ ಬಿಟ್ಟುಹೋದವನನ್ನೂ ಹೆಸರಿಸುವುದಿಲ್ಲ.

ಇನ್ನು ಇಂತಹ ನಾಯಿಗಳನ್ನು ಎತ್ತಿ ತಂದು ನೆಲೆಗಾಣಿಸುವ ಸೇವಕರ ವಿಷಯ. ನಾವು ಮೊದಲು ಹೇಳಿದ ಹೆಣ್ಣುನಾಯಿಯು ಕೊನೆಗೆ ಅಂತಹ ಕೆಲವು ತರುಣರ ಕೈಸೇರಿತು. ಅವರು ಮಾಡಿದ ಕ್ರಮವನ್ನು ನಾವು ಕಣ್ಣಾರೆ ಕಂಡೆವು. ಮೊದಲ ಎರಡು ವಾರ ಅದನ್ನು ಯಾರಿಗೂ ತೋರಿಸದೆ, ಶಾಂತವಾದ ಸ್ಥಳದಲ್ಲಿ ಒಬ್ಬರೇ ಅನ್ನ ಹಾಕುತ್ತ ಬಂದರು. ಮನೆ ತಪ್ಪಿದ ನಾಯಿಯ ನಿಜವಾದ ಗುಣವು ಮೊದಲ ದಿನಗಳಲ್ಲಿ ಕಾಣದಂತೆ. ಅನಂತರ ಶಸ್ತ್ರಚಿಕಿತ್ಸೆ, ಚುಚ್ಚುಮದ್ದು, ಬಾಯಿಗೆ ಕುಕ್ಕೆಯನ್ನು ಗೋಳಾಡದೆ ಹಾಕಿಸಿಕೊಳ್ಳುವ ಅಭ್ಯಾಸ. ಕೇಳಿ ಬಂದ ಏಳು ಮಂದಿಯಲ್ಲಿ ಆರು ಮಂದಿಯನ್ನು ತಿರುಗಿಸಿ ಕಳುಹಿಸಿದರು. ಮಾಳಿಗೆಯಲ್ಲಿ ಕಟ್ಟಿಹಾಕುವವರಿಗೆ ಇಲ್ಲ. ಹಿಂದೆಂದೂ ನಾಯಿ ಸಾಕದವರಿಗೆ ಇಲ್ಲ. ಸ್ನೇಹಿತರಿಗೆ ತೋರಿಸಿ ಬೆರಗುಗೊಳಿಸಬೇಕೆನ್ನುವವರಿಗೆ ಮೊದಲೇ ಇಲ್ಲ. ಹನ್ನೊಂದು ವಾರಗಳ ಮೇಲೆ, ಸುತ್ತುಗೋಡೆಯಿರುವ ಮನೆಯ ನಿವೃತ್ತ ದಂಪತಿಗಳಿಗೆ, ಕರಾರು ಬರೆಯಿಸಿಕೊಂಡು ಕೊಟ್ಟರು. ಮಾರಕೂಡದು, ಬೇರೆಯವರಿಗೆ ಕೊಡಕೂಡದು, ಬೇಡವಾದರೆ ತಮಗೇ ಹಿಂತಿರುಗಿಸತಕ್ಕದ್ದು ಎಂದು ಅದರಲ್ಲಿತ್ತು. ಸರ್ಕಾರದವರು ಮಾಡಬೇಕಾದ ಪರೀಕ್ಷೆಯನ್ನು ಸಂಬಳವಿಲ್ಲದ ನಾಲ್ಕು ಜನ ಹುಡುಗರು ಮಾಡುತ್ತಿದ್ದಾರೆ.

ಆದರೆ ಈ ಸೇವಕರಲ್ಲಿಯೂ ಎಲ್ಲರೂ ಹೀಗಿಲ್ಲವೆಂಬುದನ್ನು ಮುಚ್ಚಿಡಲಾಗದು. ಕಚ್ಚಿದ ಚರಿತ್ರೆಯಿರುವ ನಾಯಿಯನ್ನು ‘ತುಂಬ ಸಾಧು, ಮಕ್ಕಳೆಂದರೆ ಪ್ರಾಣ’ ಎಂದು ವರ್ಣಿಸಿ, ಹೇಗಾದರೂ ಮನೆ ಸಿಕ್ಕರೆ ಸಾಕೆಂದು ದಾಟಿಸುವವರಿದ್ದಾರೆ. ಇದು ದಯೆಯಲ್ಲ, ವಂಚನೆ. ಅದರ ಬೆಲೆಯನ್ನು ತೆರುವುದು ಏನೂ ಅರಿಯದ ಒಂದು ಮಗು. ಆ ಬಳಿಕ ಅದೇ ರೂಪದ ನೂರು ನಾಯಿಗಳು. ಎಷ್ಟು ಪ್ರಯತ್ನಪಟ್ಟರೂ ಸರಿಹೋಗದ, ಮನುಷ್ಯರ ನಡುವೆ ಇರಿಸಲಾಗದ ನಾಯಿಗಳೂ ಕೆಲವಿರುತ್ತವೆ. ಅಂತಹದನ್ನು ನೋವಿಲ್ಲದೆ ಮುಗಿಸುವ ನಿರ್ಧಾರವನ್ನು ತೆಗೆದುಕೊಳ್ಳುವ ಧೈರ್ಯವೂ ಈ ಕೆಲಸದ ಒಂದು ಭಾಗವೇ. ವರ್ಜೀನಿಯಾದ ಪರೀಕ್ಷಕರು ನಲವತ್ತೊಂಬತ್ತರಲ್ಲಿ ಒಂದಕ್ಕೆ ಬೇಡವೆಂದು ಹೇಳಿದ್ದರಿಂದಲೇ ಉಳಿದವುಗಳ ಪರವಾಗಿ ಅವರಾಡಿದ ಮಾತಿಗೆ ಬೆಲೆ ಬಂದಿತು.

ನಮ್ಮ ರಾಜ್ಯ ಸರ್ಕಾರವು ಉಚ್ಚ ನ್ಯಾಯಾಲಯದ ತೀರ್ಪನ್ನು ಕೇವಲ ಒಂದು ಜಯವೋ ಸೋಲೋ ಎಂದೆಣಿಸದೆ, ಮುಂದಿನ ಕೆಲಸಕ್ಕೆ ತೊಡಗಬೇಕು. ಜಿಲ್ಲೆಗೊಂದರಂತೆ, ಪಶುವೈದ್ಯರೂ ನಾಯಿಗಳ ಸ್ವಭಾವವನ್ನು ಬಲ್ಲವರೂ ಇರುವ ಪರೀಕ್ಷಾಮಂಡಲಿಯಿರಲಿ. ಕಚ್ಚಿದ ನಾಯಿಯು ಯಾವ ತಳಿಯದಾದರೂ ಸರಿ, ಮುದ್ದಿನ ಪೊಮೆರೇನಿಯನ್ ಆದರೂ ಸರಿ, ಅದರ ಮುಂದೆ ಬರಲಿ. ಬಲವಾದ ದೊಡ್ಡ ನಾಯಿಯನ್ನು ಸಾಕುವವರಿಗೆ ಸಾರ್ವಜನಿಕ ಸ್ಥಳದಲ್ಲಿ ಹಗ್ಗವೂ ಕುಕ್ಕೆಯೂ ಕಡ್ಡಾಯವಾಗಲಿ. ಗಾಯಪಟ್ಟವರ ಔಷಧೋಪಚಾರದ ವೆಚ್ಚವು ಯಜಮಾನನ ಮೇಲೆ ಬೀಳಲಿ. ನೋಂದಣಿಯಿಲ್ಲದೆ ಮರಿಗಳನ್ನು ಮಾರುವವರ ಅಂಗಡಿಗಳಿಗೆ ಬೀಗ ಬೀಳಲಿ. ಹೀಗಾದರೆ ಆಶ್ರಯಗಳಿಗೆ ಬರುವ ನಾಯಿಗಳ ಸಂಖ್ಯೆಯೇ ಇಳಿಯುತ್ತದೆ.

ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಅಂಗಳವನ್ನು ಗುಡಿಸಿಕೊಳ್ಳಬೇಕಾಗಿದೆ. ಮರಿಗಳ ಮಾರಾಟದ ಜಾಹೀರಾತುಗಳು ಬಹುಕಾಲದಿಂದ ಈ ಪತ್ರಿಕೆಯ ಅಂಕಣಗಳಲ್ಲಿಯೂ ಬರುತ್ತಿವೆ. ಅವುಗಳ ಹಣವನ್ನು ನಾವು ಪಡೆದಿದ್ದೇವೆ. ಮಾರುವವನು ಯಾರೆಂದು ಒಂದು ದಿನವೂ ಕೇಳಿದವರಲ್ಲ. ಹಣವಿಲ್ಲದೆ ಕೊಡುವೆನೆಂಬ ಆ ಗೃಹಸ್ಥರ ಜಾಹೀರಾತನ್ನೂ ಹಾಗೆಯೇ ಹಾಕಿದೆವು. ಅವರು ವಿವೇಕಿಗಳಲ್ಲದಿದ್ದರೆ, ಆ ನಾಯಿಯು ನಮ್ಮ ಪತ್ರಿಕೆಯ ದೆಸೆಯಿಂದಲೇ ಮರಿಮಾರುವವನ ಕೊಟ್ಟಿಗೆಯನ್ನು ಸೇರುತ್ತಿದ್ದಿತು. ಬರುವ ತಿಂಗಳ ಮೊದಲನೆಯ ತಾರೀಖಿನಿಂದ, ಪ್ರಾಣಿಕಲ್ಯಾಣ ಮಂಡಲಿಯ ನೋಂದಣಿ ಸಂಖ್ಯೆಯಿಲ್ಲದ ಮರಿಗಳ ಜಾಹೀರಾತನ್ನು ನಾವು ಸ್ವೀಕರಿಸುವುದಿಲ್ಲ. ಮನೆ ಬೇಕಾಗಿರುವ ದೊಡ್ಡ ನಾಯಿಗಳ ವಿಷಯವನ್ನು, ಅವುಗಳ ವಯಸ್ಸು, ಚಿಕಿತ್ಸೆಯ ವಿವರ ಮತ್ತು ಕಚ್ಚಿದ ಚರಿತ್ರೆಯನ್ನು ಮರೆಮಾಚದೆ ಬರೆದು, ಯಾವುದಾದರೊಂದು ಆಶ್ರಯದ ಮೂಲಕ ಕಳುಹಿಸಿದರೆ, ಭಾನುವಾರದ ಸಂಚಿಕೆಯಲ್ಲಿ ಶುಲ್ಕವಿಲ್ಲದೆ ಪ್ರಕಟಿಸುತ್ತೇವೆ.